ಒಂಬತ್ತನೇ ಬ್ಲಾಕಿನ ಚೂರುಗಳು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಂದೆ ಓದಬೇಕೋ ಬೇಡವೋ ನೀವೇ ನೋಡಿಕೊಳ್ಳಿ. ಒಬ್ಬ ಮನುಷ್ಯ ಹನ್ನೊಂದು ವರ್ಷ ಕೂಡಿಟ್ಟದ್ದನ್ನು ನಾನು ಒಂದೇ ಬೆಳಗ್ಗೆ ಹಾಳು ಮಾಡಿದೆ. ಹೊಟ್ಟೆಕಿಚ್ಚಿನಿಂದ ಅಲ್ಲ, ದ್ವೇಷದಿಂದಲೂ ಅಲ್ಲ. ಉಪಕಾರ ಮಾಡಲು ಹೋಗಿ. ಅದೂ ಅವರದೇ ಸ್ವರದಲ್ಲಿ ಅಪ್ಪಣೆ ಕೊಟ್ಟು.

ಇದು ಮತ್ತೆ ತಲೆಗೆ ಬಂದದ್ದು ಒಂದು ಟೀ ಕುಡಿಕೆಯಿಂದ. ಸೋಮವಾರಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ಹೊಸ ಅಂಗಡಿಯೊಂದು ಬಂದಿದೆ. ಅಲ್ಲಿ ಟೀಯನ್ನು ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಾರೆ. ಸುತ್ತ ಕಾಫಿ ಬೆಳೆದುಕೊಂಡು ಟೀಗೆ ಇಷ್ಟು ಮರ್ಯಾದೆ ಕೊಡುವ ಊರು ಬೇರೆ ಇರಲಾರದು. ಕುಡಿದು ಮುಗಿಸಿ ಕುಡಿಕೆಯನ್ನು ಡಬ್ಬಕ್ಕೆ ಎಸೆಯಬೇಕು, ಫಟ್ಟೆಂದು ಒಡೆಯಬೇಕು, ಅದನ್ನು ಮೊಬೈಲಿನಲ್ಲಿ ಹಿಡಿಯಬೇಕು. ನಾನೂ ಎಸೆದೆ. ಒಡೆಯಿತು. ಬಿಸಿ ನೀರು ಕುಡಿದ ಸುಟ್ಟಮಣ್ಣಿನ ವಾಸನೆ ಒಂದು ಎದ್ದು ಬಂತು ನೋಡಿ... ಬಸ್ಸು ಹಾರನ್ ಹಾಕುತ್ತಿತ್ತು, ಕಂಡಕ್ಟರ್ ಕೂಗುತ್ತಿದ್ದ, ನಾನು ಮಾತ್ರ ಡಬ್ಬದೊಳಗೆ ಬಗ್ಗಿ ನಿಂತಿದ್ದೆ. ಅಂಗಡಿಯವನು ಕೇಳಿದ, “ಏನ್ ಅಣ್ಣ, ಉಂಗುರ ಬಿತ್ತಾ?”

ನನ್ನ ಬಗ್ಗೆ ಸ್ವಲ್ಪ. ನಮ್ಮಜ್ಜ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿದವರು. ನಾನು ಬಿ.ಎ.ಯಲ್ಲಿ ಇತಿಹಾಸ ಓದಿದೆ. ಮೂರು ಸಲ ಪರೀಕ್ಷೆ ಬರೆದದ್ದರಿಂದ ಉಳಿದವರಿಗಿಂತ ಹೆಚ್ಚೇ ಓದಿದೆ ಎನ್ನಬಹುದು. ಬರುತ್ತಿದ್ದ ವಿದ್ಯೆ ಒಂದೇ, ಇನ್ನೊಬ್ಬರ ಸ್ವರ ತೆಗೆಯುವುದು. ಪ್ರಿನ್ಸಿಪಾಲರು ಮೈಕು ಊದಿ ನೋಡುವುದು, ನಮ್ಮಪ್ಪ ಫೋನಿನಲ್ಲಿ ನೆಂಟರ ಹತ್ತಿರ ನಗುವುದು ಮತ್ತು ಫೋನಿಟ್ಟ ಮೇಲೆ ಬೈಯುವುದು, ಎಲ್ಲ ಬರುತ್ತಿತ್ತು. ಮದುವೆಮನೆಗಳಲ್ಲಿ ಜನ ಕರೆದು ಮಾಡಿಸುತ್ತಿದ್ದರು. ಎಲ್ಲರನ್ನೂ ಮಾಡಿ ಮುಗಿದ ಮೇಲೆ ಕೊನೆಗೆ ಒಂದು ಸಲ ಅಪ್ಪನ ಎದುರು ಮಾರ್ಕ್ಸ್‌ಕಾರ್ಡ್ ಹಿಡಿದು ನಿಂತ ನನ್ನನ್ನೇ ಮಾಡುತ್ತಿದ್ದೆ. ಅದಕ್ಕೇ ಹೆಚ್ಚು ಚಪ್ಪಾಳೆ.

ಇಂಥ ಪ್ರತಿಭೆಗೆ ಕೆಲಸ ಸಿಕ್ಕಿದ್ದು ಸೋಮವಾರಪೇಟೆಯ ಆಚೆಗಿನ ಒಂದು ಕಾಫಿ ಎಸ್ಟೇಟಿನಲ್ಲಿ. ಏಳೆಂಟು ವರ್ಷದ ಹಿಂದಿನ ಮಾತು. ಎಸ್ಟೇಟಿನ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಆ ಪುಸ್ತಕಗಳನ್ನು ಬರೆಯುತ್ತಿದ್ದವರು ಎಸ್ಟೇಟಿನ ರೈಟರು. ಯಾವ ಬ್ಲಾಕಿಗೆ ಎಷ್ಟು ಆಳು ಹೋದರು, ಯಾರು ಬಂದರು, ಯಾರು ಬರಲಿಲ್ಲ, ಎಷ್ಟು ಗುಂಡಿ ಆಯಿತು, ಎಲ್ಲವೂ ಅವರ ಕೈಬರಹದಲ್ಲೇ ಇತ್ತು. ಅಂದರೆ ಸುತ್ತು ಬಳಸದೆ ಹೇಳಬೇಕೆಂದರೆ, ಅವರ ಕುರ್ಚಿ ಖಾಲಿ ಮಾಡಿಸಲು ತಂದು ಕೂರಿಸಿದ್ದು ನನ್ನನ್ನು. ಅದು ಇಬ್ಬರಿಗೂ ಗೊತ್ತಿತ್ತು. ಒಂದೇ ಕೋಣೆ, ಎರಡು ಮೇಜು, ನಡುವೆ ಒಂದು ಫ್ಯಾನು. ಫ್ಯಾನು ಅವರ ಕಡೆಗೆ ತಿರುಗಿತ್ತು. ಮೊದಲ ದಿನವೇ ಎದ್ದುಬಂದು ಅದನ್ನು ನನ್ನ ಕಡೆಗೆ ತಿರುಗಿಸಿ ಹೇಳಿದರು, “ಹ್ಞಾಂ. ಅದಕ್ಕೆ ಸೆಖೆ ಆಗ್ಬಾರ್ದು ಅಂತಾರೆ. ನಿನಗೆ ಅಲ್ಲ, ಕಂಪ್ಯೂಟರಿಗೆ. ಅಷ್ಟೇ.”

ಮಾತು ಶುರುವಾದರೆ ‘ಹ್ಞಾಂ’, ಮುಗಿದರೆ ‘ಅಷ್ಟೇ’. ನಡುವಿನದ್ದು ಮೂಗಿನಲ್ಲಿ. ನನಗೆ ಆ ಸ್ವರ ಕೂರಲು ಎರಡು ದಿನ ಸಾಕಾಯಿತು. ಅವರು ಖಾಕಿ ಅರ್ಧತೋಳಿನ ಅಂಗಿ ಹಾಕುತ್ತಿದ್ದರು. ಕಿಸೆಯಲ್ಲಿ ಒಂದು ನೀಲಿ ಪೆನ್ನು, ಒಂದು ಕೆಂಪು. ಕೊಡೆಯನ್ನು ಕತ್ತಿನ ಹಿಂದೆ ಕಾಲರಿಗೆ ಸಿಕ್ಕಿಸಿಕೊಂಡು ತೋಟ ಸುತ್ತುತ್ತಿದ್ದರು. ಹಿಂದಿನಿಂದ ನೋಡಿದರೆ ಕೊಡೆಯೇ ಮನುಷ್ಯನನ್ನು ಎತ್ತಿಕೊಂಡು ಹೋಗುತ್ತಿದೆ ಅನ್ನಿಸಬೇಕು. ಮದುವೆ ಆಗಿರಲಿಲ್ಲ. ಆಳುಗಳ ಲೈನ್ ಮನೆಗಳ ಪಕ್ಕದ ಕ್ವಾರ್ಟರ್ಸಿನಲ್ಲಿ ಮೂವತ್ತು ವರ್ಷದಿಂದ ಒಬ್ಬರೇ. ನೆಲ್ಯಹುದಿಕೇರಿಯಲ್ಲಿ ಅಕ್ಕ ಒಬ್ಬರಿದ್ದರು, ಅಷ್ಟೇ... ಅಯ್ಯೋ, ನನಗೂ ಅದೇ ‘ಅಷ್ಟೇ’ ಬಂತು.

ನಾನು ಅವರನ್ನು ‘ರೈಟರೇ’ ಅನ್ನುತ್ತಿದ್ದೆ. ಅವರು ನನ್ನನ್ನು ‘ಕಂಪ್ಯೂಟರ್’ ಅನ್ನುತ್ತಿದ್ದರು. ಇಬ್ಬರಿಗೂ ಇನ್ನೊಬ್ಬರ ಹೆಸರು ಬೇಕಾಗಲಿಲ್ಲ.

ಸ್ಟೋರಿನ ಒಳಗೆ, ಗೊಬ್ಬರದ ಚೀಲಗಳ ಹಿಂದೆ, ಒಂದು ಮರದ ಕಪಾಟಿತ್ತು. ಒಂದು ದಿನ ಯಾವುದೋ ಹಳೆಯ ಪುಸ್ತಕ ಹುಡುಕುತ್ತ ಅದನ್ನು ತೆಗೆದೆ. ಸಾಲು ಸಾಲು ಕಾಫಿ ಸ್ಯಾಂಪಲ್ ಕವರು. ಬಾಯಿ ಮಡಚಿ ಪಿನ್ ಹೊಡೆದದ್ದು. ಒಂದನ್ನು ಬಿಚ್ಚಿದರೆ ಒಳಗೆ ಕಾಫಿ ಇಲ್ಲ, ಮಣ್ಣು ಮೆತ್ತಿದ ಮಡಕೆ ಚೂರು ಮೂರು, ಒಂದು ಚೀಟಿ. ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ 9–12–7.

“ರೈಟರೇ, ಇದೆಂತ? ನಿಮ್ಮ ಮದುವೆಗೆ ತಂದ ಪಾತ್ರೆಯಾ?”

“ಹ್ಞಾಂ. ಒಂಬತ್ತನೇ ಬ್ಲಾಕು, ಹನ್ನೆರಡನೇ ಸಾಲು, ಏಳನೇ ಗುಂಡಿ. ಪಿನ್ ವಾಪಸ್ ಹೊಡಿ. ಅಷ್ಟೇ.”

ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಡಿಸಿ ಹೇಳಿದರು. ಎಸ್ಟೇಟಿನ ಮೇಲ್ತುದಿಯ ಒಂಬತ್ತನೇ ಬ್ಲಾಕಿನಲ್ಲಿ ಹಿಂದೆ ಕಲ್ಲುಮನೆಗಳಿದ್ದವಂತೆ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ ಪೆಟ್ಟಿಗೆಯಂಥವು, ಸತ್ತವರಿಗಾಗಿ ಮಾಡಿದವು. ಊರವರ ಬಾಯಲ್ಲಿ ಪಾಂಡವರ ಮನೆ. ತೋಟ ಮಾಡಿದ ಕಾಲದಲ್ಲೇ ಚಪ್ಪಡಿಗಳೆಲ್ಲ ಚರಂಡಿಯ ಮೇಲೆ ಸೇತುವೆಯಾಗಿ, ಲೈನ್ ಮನೆಗಳ ಮೆಟ್ಟಿಲಾಗಿ ಹೋಗಿದ್ದವು. ನೆಲದ ಮೇಲೆ ಏನೂ ಉಳಿದಿರಲಿಲ್ಲ. ಆದರೆ ಹೊಸ ಗಿಡಕ್ಕೆ ಗುಂಡಿ ತೆಗೆಯುವಾಗ ಕೆಲವು ಗುಂಡಿಗಳಲ್ಲಿ ಚೂರು ಬರುತ್ತಿತ್ತು. ಕೆಲವದರಲ್ಲಿ ಬರುತ್ತಿರಲಿಲ್ಲ. ಯಾವ ಗುಂಡಿಯಲ್ಲಿ ಬಂತು ಎಂದು ಇವರು ಹನ್ನೊಂದು ವರ್ಷದಿಂದ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ನಕ್ಷೆ ಹಾಳೆಯ ಮೇಲೆ ಕೆಂಪು ಚುಕ್ಕಿ ಇಟ್ಟು ನೋಡಿದರೆ ಚುಕ್ಕಿಗಳು ಗುಂಪು ಗುಂಪಾಗಿ ಕೂರುತ್ತಿದ್ದವು. ಒಂದೊಂದು ಗುಂಪು ಒಂದೊಂದು ಕಲ್ಲುಮನೆ ಇದ್ದ ಜಾಗ ಎಂಬುದು ಅವರ ಲೆಕ್ಕ.

“ಪಾಂಡವರು ಇಷ್ಟು ಸಣ್ಣ ಮನೇಲಿ ಹೇಗೆ ಇದ್ರು? ಭೀಮ ಎಲ್ಲಿ ಮಲಗ್ತಿದ್ದ, ಜಗಲೀಲಾ?” ಎಂದೆ.

ಅವರು ನಗಲಿಲ್ಲ. ಅವರು ನಗುತ್ತಿದ್ದದ್ದು ಒಂದೇ ವಿಷಯಕ್ಕೆ. ಅದು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಬರುತ್ತಿತ್ತು. ಮಡಿಕೇರಿಯಲ್ಲಿ ಎಂದೋ ಕೊಂಡ, ರಟ್ಟು ಹೋದ ಒಂದು ಇಂಗ್ಲಿಷ್ ಪುಸ್ತಕ ಅವರ ಹತ್ತಿರ ಇತ್ತು. ಭೂಮಿ ಅಗೆದು ಹಳೆಯ ಕಾಲ ತಿಳಿಯುವ ವಿದ್ಯೆ ಎಲ್ಲಿ, ಹೇಗೆ ಶುರುವಾಯಿತು ಎಂಬುದರ ಕಥೆ. ಅದನ್ನು ಅವರು ಎಸ್ಟೇಟಿನ ಸುದ್ದಿಯ ಹಾಗೆ ಹೇಳುತ್ತಿದ್ದರು.

“ಹ್ಞಾಂ. ಮೊದಲು ಎಲ್ಲ ಕಳ್ಳರೇ. ವಿಲಾಯತಿಯಲ್ಲಿ ದೊಡ್ಡ ಮನುಷ್ಯರು ರಜೆ ದಿನ ಆಳು ಕರ್ಕೊಂಡು ಹೋಗಿ ಹಳೆ ಸಮಾಧಿ ದಿಬ್ಬ ಅಗೆಸೋದು. ಆಳು ಅಗೀತಾನೆ, ಇವರು ಊಟ ಮಾಡ್ತಾರೆ. ಚಿನ್ನ ಸಿಕ್ಕಿದ್ರೆ ಮನೆಗೆ. ಒಡೆದ ಮಡಕೆ ಸಿಕ್ಕಿದ್ರೆ ಅಲ್ಲೇ ಬಿಸಾಕೋದು. ಇಟಲಿ ಕಡೆ ಬೂದಿಯಲ್ಲಿ ಮುಚ್ಚಿಹೋದ ಊರು ಸಿಕ್ಕಿದಾಗಲೂ ಅಷ್ಟೇ, ಸುರಂಗ ಹೊಡೆದು ರಾಜನಿಗೆ ಬೊಂಬೆ ಎತ್ತಿಕೊಟ್ರು. ನಮ್ಮ ಕಡೆ ಬಿಳಿ ದೊರೆಗಳೂ ಕಲ್ಲುಮನೆ ತೆರೆದು ಮಡಕೆ ಹೊತ್ಕೊಂಡು ಹೋದ್ರು. ಯಾವುದು ಯಾವ ಮನೆಯದ್ದು, ಯಾರಿಗೆ ಗೊತ್ತು?”

ವಿಲಾಯತಿಯ ಹೊಲಗಳಲ್ಲಿ ಸಿಗುತ್ತಿದ್ದ ನುಣ್ಣನೆ ಕಲ್ಲಿನ ಕೊಡಲಿಗಳನ್ನು ಅಲ್ಲಿಯವರು ಬಹುಕಾಲ ಸಿಡಿಲಿನ ಜೊತೆ ಆಕಾಶದಿಂದ ಬಿದ್ದವು ಎಂದು ನಂಬಿದ್ದರಂತೆ. ಮನುಷ್ಯ ಮಾಡಿದ್ದು ಎಂದು ಒಪ್ಪಿಕೊಳ್ಳಲಿಕ್ಕೇ ಎಷ್ಟೋ ತಲೆಮಾರು ಹಿಡಿಯಿತು. ಅಮೆರಿಕದಲ್ಲಿ ಒಬ್ಬ ಎಸ್ಟೇಟಿನ ಧಣಿ ತನ್ನ ಕಡೆಯ ದಿಬ್ಬವೊಂದನ್ನು ಅಡ್ಡಕ್ಕೆ ಕೊಯ್ಯಿಸಿ, ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂದು ಒಂದೊಂದಾಗಿ ನೋಡಿ ಬರೆದಿಟ್ಟ. “ನೋಡು, ಓನರುಗಳಿಗೂ ಒಮ್ಮೊಮ್ಮೆ ಬುದ್ಧಿ ಇರೋದುಂಟು,” ಎಂದು ಸುತ್ತ ನೋಡಿ ಸಣ್ಣ ಸ್ವರದಲ್ಲಿ ಹೇಳುತ್ತಿದ್ದರು.

ಅವರಿಗೆ ಪ್ರಾಣವಾಗಿದ್ದವನು ಡೆನ್ಮಾರ್ಕಿನವನು. ವ್ಯಾಪಾರಿಯ ಮಗ. ದೇಶದ ತುಂಬ ಸಿಕ್ಕಿದ ಹಳೆಯ ಸಾಮಾನನ್ನೆಲ್ಲ ಒಂದು ಕಡೆ ರಾಶಿ ಹಾಕಿದ್ದರು; ಇದನ್ನು ಸ್ವಲ್ಪ ಓರಣ ಮಾಡಪ್ಪ ಎಂದು ಅವನನ್ನು ಕೂರಿಸಿದರು. ಅವನು ಚಂದದ್ದು ಯಾವುದು, ಬೆಲೆಯದ್ದು ಯಾವುದು ಎಂದು ನೋಡಲಿಲ್ಲ. ಯಾವುದರ ಜೊತೆ ಯಾವುದು ಸಿಕ್ಕಿತ್ತು ಎಂದು ಕೇಳುತ್ತ ಹೋದ. ಹಾಗೆ ಕೇಳಿ ಕೇಳಿಯೇ ಮೊದಲು ಕಲ್ಲಿನ ಕಾಲ, ಆಮೇಲೆ ಕಂಚಿನದು, ಆಮೇಲೆ ಕಬ್ಬಿಣದ್ದು ಎಂದು ಹೊರಬಿತ್ತು.

“ಅವನಿಗೆ ಕೊಟ್ಟ ಕೆಲಸ ಎಂತದು, ಹೇಳು?”

“ಎಂತದು?”

“ರೈಟರ್ ಕೆಲಸ!” ಎಂದು ನಗುತ್ತಿದ್ದರು. ಬುತ್ತಿಯ ಮುಚ್ಚಳ ನಡುಗುವಷ್ಟು. “ಈ ಶಾಸ್ತ್ರ ಹುಟ್ಟಿದ್ದೇ ಒಬ್ಬ ರೈಟರಿಂದ ಮಾರಾಯ. ಆಮೇಲೆ ವಿಲಾಯತಿಯಲ್ಲಿ ಒಬ್ಬ ಜನರಲ್ಲು, ಅವನಿಗೆ ದೊಡ್ಡ ಎಸ್ಟೇಟು ಬಂತು. ಅಗೆಸಿದ, ಸಣ್ಣ ಚೂರೂ ಬಿಡದೆ ಎಲ್ಲಿ ಸಿಕ್ಕಿತು ಅಂತ ಬರೆಸಿದ. ಬರೆದವರು ಯಾರು? ಅವನ ರೈಟರುಗಳು! ಚೌಕ ಹಾಕಿ ಅಗೀಬೇಕು ಅನ್ನೋದು ಅವರಿಗೆಲ್ಲ ಎಷ್ಟೋ ಕಾಲ ಆದ್ಮೇಲೆ ಹೊಳೆದದ್ದು. ಇಲ್ಲಿ ನಾವು ಕಾಫಿ ಗುಂಡಿ ತೆಗೆಯೋದೇ ಹಗ್ಗ ಹಿಡಿದು, ಗೂಟ ಹೊಡೆದು. ಚೌಕ ಮೊದಲೇ ಉಂಟು. ಬರೆಯೋದು ಮಾತ್ರ ಬಾಕಿ ಇತ್ತು. ಅಷ್ಟೇ.”

ಮೂರು ಸಲ ಬರೆದ ನನ್ನ ಇತಿಹಾಸದ ಪೇಪರಿನಲ್ಲಿ ಇದರಲ್ಲಿ ಒಂದೂ ಇರಲಿಲ್ಲ. ಅಥವಾ ಇತ್ತೇನೋ, ಅದಕ್ಕೇ ಮೂರು ಸಲ ಬರೆಯಬೇಕಾಯಿತೇನೋ.

ಭಾನುವಾರ ಅವರು ಕೊಡೆ ಸಿಕ್ಕಿಸಿಕೊಂಡು ಒಂಬತ್ತನೇ ಬ್ಲಾಕಿಗೆ ಹೋಗಿ ಬಂಡೆಯ ಮೇಲೆ ಕೂರುತ್ತಿದ್ದರು. ನಾನು ಒಂದು ಸಲ ಹಿಂದೆಯೇ ಹೋದೆ. ಸಿಲ್ವರ್ ಮರಗಳ ಸದ್ದು ಬಿಟ್ಟರೆ ಇನ್ನೇನಿಲ್ಲ. ಒಬ್ಬರೇ ಕೂತು ಬೇಜಾರಾಗುವುದಿಲ್ಲವೇ ಎಂದು ಕೇಳಿದೆ. ಕೊಡೆಯನ್ನು ಕಾಲರಿನಿಂದ ಬಿಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಗಿಡಗಳ ಸಾಲಿನ ಕಡೆ ಕೈ ತೋರಿಸಿ ಹೇಳಿದರು, “ಅಲ್ಲೊಬ್ಬರು, ಅಲ್ಲೊಬ್ಬರು. ಆ ಕಡೆ ಬಹುಶಃ ಇಬ್ಬರು. ಯಾರೋ ಅತ್ತು ಮಣ್ಣು ಹಾಕಿ ಹೋಗಿದ್ದಾರೆ. ಇಲ್ಲಿ ಜನ ಇದ್ರು ಅಂತ ಒಂದು ಕಾಗದದಲ್ಲಿ ಬಂದ್ರೆ ಸಾಕು.” ‘ಅಷ್ಟೇ’ ಅನ್ನಲಿಲ್ಲ. ನಾನು ಆ ದಿನ ಅವರ ಸ್ವರ ತೆಗೆಯಲಿಲ್ಲ.

ಮರುವರ್ಷ ಸಾವ್ಕಾರ್ರು, ಅಂದರೆ ಎಸ್ಟೇಟಿನ ಓನರು, ಮೇಲಿನ ಬಂಗಲೆಯನ್ನು ಹೋಂಸ್ಟೇ ಮಾಡಲು ಹೊರಟರು. ಕಾರು ನಿಲ್ಲಿಸಲು ಜಾಗ ಬೇಕು. ಸಮತಟ್ಟು ಮಾಡಲು ಸುಲಭವಾದದ್ದು ಒಂಬತ್ತನೇ ಬ್ಲಾಕು. ಮೂವತ್ತು ವರ್ಷದಲ್ಲಿ ರೈಟರು ಸಾವ್ಕಾರ್ರ ಎದುರು ನಿಂತು ಏನನ್ನೂ ಕೇಳಿದ್ದಿಲ್ಲ. ಆ ದಿನ ಕೇಳಿದರು: ಆ ಮೂಲೆಯ ಅರ್ಧ ಎಕರೆ ಬಿಟ್ಟುಬಿಡಿ. ಸಾವ್ಕಾರ್ರು ಕೆಟ್ಟವರಲ್ಲ. ಗಂಟಲು ಸರಿಮಾಡಿಕೊಂಡು (ಇದು ನನ್ನ ಒಳ್ಳೆಯ ಐಟಂಗಳಲ್ಲಿ ಒಂದು) ಹೇಳಿದರು, “ನೋಡಿ ರೈಟ್ರೇ, ಓದಿದವರು ಯಾರಾದ್ರೂ ಬಂದು ಇಂಥ ಜಾಗದಲ್ಲಿ ಇಂಥದ್ದುಂಟು ಅಂತ ಕೈ ಇಟ್ಟು ಬರ್ಕೊಡ್ಲಿ. ನಾನು ಒಂದು ಬೇಲಿ ಹಾಕಿ ಬೋರ್ಡೇ ಹಾಕಿಸ್ತೇನೆ, ಗೆಸ್ಟುಗಳೂ ನೋಡ್ತಾರೆ. ಸುಮ್ನೆ ಮಡಕೆ ಚೂರು ಅಂದ್ರೆ ಆಗೋದಿಲ್ಲ. ಗುರುವಾರದ ತನಕ ಟೈಮ್. ಶುಕ್ರವಾರ ಜೆಸಿಬಿ ಬರ್ತದೆ.”

ರೈಟರು ಎಲ್ಲೆಲ್ಲೋ ಫೋನು ಮಾಡಿದರು. ಕೊನೆಗೆ ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡಿದ ಒಬ್ಬರು ಮೇಡಂ ಗುರುವಾರ ಬರಲು ಒಪ್ಪಿದರು. ಬುಧವಾರ ಬೆಳಗ್ಗೆ ರೈಟರು ಮೊದಲ ಬಸ್ಸಿಗೆ ಮಡಿಕೇರಿಗೆ ಹೋದರು. ನಕ್ಷೆ ಹಾಳೆಯನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿಕೊಂಡು, ಕ್ಷೌರ ಮಾಡಿಸಿಕೊಂಡು ಬರುತ್ತೇನೆ ಎಂದರು.

ಇನ್ನು ನನ್ನ ಪರಾಕ್ರಮ.

ಕಪಾಟು ತೆಗೆದು ನೋಡಿದೆ. ಅಷ್ಟೊಂದು ಕವರು, ಎಲ್ಲ ಮಣ್ಣು. ಓದಿದ ಮೇಡಂ ಬರುತ್ತಾರೆ, ಇಂಥ ಕೊಳಕು ತೋರಿಸುವುದೇ? ಪಾಪ, ರೈಟರಿಗೆ ಹೊಳೆದಿಲ್ಲ, ನಾನಾದರೂ ಚೊಕ್ಕ ಮಾಡಿ ಇಡೋಣ ಅನ್ನಿಸಿತು. ಕಣದಲ್ಲಿ ಇಬ್ಬರು ಹೆಂಗಸರು ಕಾಫಿ ಕೆದಕುತ್ತಿದ್ದರು. ಕರೆದೆ. ಅವರಲ್ಲಿ ಹಿರಿಯಳು ಕವರು ನೋಡಿದವಳೇ ಕೈ ಹಿಂದೆ ತೆಗೆದಳು.

“ಅಯ್ಯಪ್ಪಾ, ಅದು ರೈಟರದ್ದು. ಅವ್ರು ಹೇಳ್ದೆ ನಾನು ಮುಟ್ಟೋದಿಲ್ಲ.”

“ಹೇಳಿದ್ದಾರೆ ಕಣಕ್ಕ.”

“ನೀನು ಹೇಳ್ತೀಯ, ಅವ್ರು ಹೇಳ್ಬೇಕು. ನಿನ್ನ ಬಾಯಿ ಗೊತ್ತಿಲ್ವಾ ನಂಗೆ?”

ಆ ಹೆಂಗಸರು ರೈಟರು ಬಸ್ಸು ಹತ್ತಿದ್ದನ್ನು ನೋಡಿರಲಿಲ್ಲ. ನಾನು ‘ತಾಳಿ, ಕೇಳ್ಕೊಂಡು ಬರ್ತೀನಿ’ ಎಂದು ಸ್ಟೋರಿನ ಹಲಗೆ ಗೋಡೆಯ ಹಿಂದೆ ಹೋದೆ. ಮೂಗಿನಲ್ಲಿ ಉಸಿರು ಕಟ್ಟಿದೆ. “ಹ್ಞಾಂ. ಆ ಕವರಿನದ್ದೆಲ್ಲ ತೊಳೆದು ಕಣಕ್ಕೆ ಹಾಕಿ. ಕಂಪ್ಯೂಟರ್ ಹೇಳಿದ ಹಾಗೆ ಮಾಡಿ. ಅಷ್ಟೇ.”

ಅಷ್ಟು ಚೆನ್ನಾಗಿ ನಾನು ಯಾರ ಸ್ವರವನ್ನೂ ಯಾವತ್ತೂ ತೆಗೆದಿರಲಿಲ್ಲ. ಹಿರಿಯಳು ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಗೋಡೆಯ ಕಡೆ ತಿರುಗಿ, “ಆಯ್ತು ರೈಟರೇ,” ಎಂದಳು.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ತೊಟ್ಟಿಯಲ್ಲಿ ತೊಳೆದೆವು. ನೀರು ಬಿದ್ದಾಗ ಎದ್ದ ವಾಸನೆಯೇ ಮೊನ್ನೆ ಟೀ ಅಂಗಡಿಯಲ್ಲಿ ಎದ್ದದ್ದು. ಮಣ್ಣು ಬಿಟ್ಟು ಬಣ್ಣ ಬಂತು. ಕೆಲವು ಕರಿಮಿಂಚು, ಕೆಲವು ಒಂದು ಮೈ ಕಪ್ಪು ಒಂದು ಮೈ ಕೆಂಪು. ಕಣದಲ್ಲಿ ಒಣಗಲು ಹಾಕಿದೆವು. ಒಣಗಿದ ಮೇಲೆ ಎಸ್ಟೇಟಿನಲ್ಲಿ ಕೈ ಸುಮ್ಮನಿರುತ್ತದೆಯೇ? ಗ್ರೇಡ್ ಮಾಡಿದೆವು. ಕಾಫಿ ಜರಡಿಯನ್ನೇ ತಂದೆ. ದೊಡ್ಡ, ಮಿರುಗುವ ಚೂರು ಎ. ನಡುವಿನದ್ದು ಬಿ. ಉಳಿದದ್ದು ಪುಡಿ. ಎರಡು ಮೂರು ಉರುಟು ಚೂರಿಗೆ, ಒಂಟಿಬೀಜದ ಕಾಫಿಗೆ ಹೇಳುವ ಹಾಗೆ, ಪೀಬೆರಿ ಎಂದು ಹೆಸರಿಟ್ಟು ಹೆಂಗಸರನ್ನು ನಗಿಸಿದೆ. ಚೀಟಿಗಳನ್ನು ಬಿಸಾಡಲಿಲ್ಲ, ಅಷ್ಟು ದಡ್ಡ ನಾನಲ್ಲ... ಎಲ್ಲವನ್ನೂ ಒಟ್ಟು ಮಾಡಿ, ಅಂಚು ಕೂಡಿಸಿ, ಅಚ್ಚುಕಟ್ಟಾಗಿ ಒಂದು ರಬ್ಬರ್‌ಬ್ಯಾಂಡ್ ಹಾಕಿದೆ.

ದಿಬ್ಬ ಅಗೆದ ದೊಡ್ಡ ಮನುಷ್ಯರ ಕಥೆಯನ್ನು ಒಂದು ವರ್ಷ ಬುತ್ತಿಯ ಜೊತೆ ಕೇಳಿ ನಕ್ಕಿದ್ದವನು ನಾನೇ.

ಮಧ್ಯಾಹ್ನದ ಬಸ್ಸಿಗೆ ಅವರು ಬಂದರು. ಹೊಸ ಕ್ಷೌರ, ಕಂಕುಳಲ್ಲಿ ಸುರುಳಿ. ಗ್ರೇಡಿಗೊಂದರಂತೆ ಹಾಕಿಟ್ಟ ಮೂರು ತಟ್ಟೆ ನೋಡಿದರು. ನಾನು ಹೊಗಳಿಕೆಗೆ ಕಾದು ನಿಂತಿದ್ದೆ. ಅವರು ಒಂದು ಚೂರು ಎತ್ತಿ, ತಿರುಗಿಸಿ, ಮತ್ತೆ ಅದೇ ಜಾಗದಲ್ಲಿ ಇಟ್ಟರು. ಆ ಜಾಗಕ್ಕೆ ಇನ್ನು ಯಾವ ಅರ್ಥವೂ ಇರಲಿಲ್ಲ, ಆದರೂ ಅದೇ ಜಾಗದಲ್ಲಿ. ಮುಖದಲ್ಲಿ ಏನೋ ನೋಡಿದ ಹಿರಿಯಳು ಹೆದರಿ, “ನೀವೇ ಅಲ್ವಾ ಹೇಳಿದ್ದು ರೈಟರೇ, ಬೆಳಗ್ಗೆ, ಸ್ಟೋರಿನ ಒಳಗಿಂದ?” ಎಂದಳು.

ಅವರು ನನ್ನ ಕಡೆ ನೋಡಿದರು. ಆ ನೋಟವನ್ನು ಯಾವ ಮಿಮಿಕ್ರಿಯವನೂ ಮಾಡಿ ತೋರಿಸಲಾರ. ಆಮೇಲೆ ಅವಳಿಗೆ ಹೇಳಿದರು, “ಹೌದು. ನಾನೇ ಹೇಳಿದ್ದು. ನೀವು ಹೋಗಿ.”

ಹೆಂಗಸರು ಹೋದ ಮೇಲೆ ನನಗೆ ವಿಷಯ ತಿಳಿಯಿತು. ಪುಸ್ತಕವೇನೋ ಇತ್ತು. 9–12–7, ಕಪ್ಪು ಚೂರು ಎರಡು, ಕೆಂಪು ಒಂದು. ಆದರೆ ರಾಶಿಯಲ್ಲಿ ಯಾವ ಎರಡು ಕಪ್ಪು, ಯಾವ ಒಂದು ಕೆಂಪು? ಒಂದು ಮೇಜಿನ ಮೇಲೆ ಚೂರಿಲ್ಲದ ನಂಬರುಗಳು, ಇನ್ನೊಂದರ ಮೇಲೆ ನಂಬರಿಲ್ಲದ ಚೂರುಗಳು. ನಾನು ಹೆದರಿದೆ. ಹೆದರಿದಾಗ ನನ್ನ ಬಾಯಿ ಇನ್ನೂ ಜೋರು. ಒಂದು ಉಪಾಯ ಹೇಳಿದೆ: ಪುಸ್ತಕ ನೋಡಿಕೊಂಡು ಅಷ್ಟಷ್ಟು ಕಪ್ಪು, ಅಷ್ಟಷ್ಟು ಕೆಂಪು ಮತ್ತೆ ಕವರಿಗೆ ತುಂಬಿಸಿ ಚೀಟಿ ಇಟ್ಟುಬಿಡೋಣ. ಬೆಳಗಾಗುವುದರೊಳಗೆ ಮುಗಿಸಬಹುದು. ಬ್ಲಾಕು ಉಳಿಯುತ್ತದೆ. ಎಣಿಕೆ ಸರಿ ಇದ್ದರೆ ಸಾಕು, ಯಾರಿಗೆ ಗೊತ್ತಾಗುತ್ತದೆ?

ಅವರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಹ್ಞಾಂ. ಬೆಳಗ್ಗೆ ನನ್ನ ಸ್ವರ ಇತ್ತು, ನಾನು ಇರ್ಲಿಲ್ಲ. ಈಗ ಗುಂಡಿ ನಂಬರು ಇರ್ತದೆ, ಗುಂಡಿ ಇರೋದಿಲ್ಲ. ಬೇಡ. ಮನೆಗೆ ಹೋಗು.”

ಗುರುವಾರ ಮೇಡಂ ಬಂದರು. ಒಳ್ಳೆಯವರು. ಒಂದೊಂದು ಚೂರನ್ನೂ ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ನೋಡಿದರು. ಕಣ್ಣು ಅರಳಿತು. “ಇವು ಹಳೆಯವು ರೈಟರ್, ತುಂಬಾ ಹಳೆಯವು. ಯಾವುದು ಎಲ್ಲಿ ಸಿಕ್ಕಿತು?” ಎಂದರು.

ಸುಳ್ಳು ಹೇಳಲು ಅದು ಎಂಥ ಜಾಗ! ನಕ್ಷೆ ಕೈಯಲ್ಲಿತ್ತು, ಪುಸ್ತಕ ಕೈಯಲ್ಲಿತ್ತು. ರೈಟರು ಎರಡನ್ನೂ ಮೇಜಿನ ಮೇಲಿಟ್ಟು ನೆಟ್ಟಗೆ ನಿಂತು ಹೇಳಿದರು, “ನಿನ್ನೆ ತನಕ ಗೊತ್ತಿತ್ತು ಮೇಡಂ. ನಿನ್ನೆ ತೊಳೆಯುವಾಗ ಮಿಕ್ಸ್ ಆಯ್ತು. ನನ್ನ ಉಸ್ತುವಾರಿಯಲ್ಲಿ ಆದದ್ದು.”

ಸಾವ್ಕಾರ್ರು ಕಿಟಕಿಯ ಹತ್ತಿರ ಇದ್ದರು. “ಹಾಗಾದ್ರೆ ಇದು ಕೆಳಗಿನ ಲೈನಿನ ಹಳೆ ಮಡಕೆಯೂ ಇರಬಹುದು, ನಮ್ಮಜ್ಜಿ ಒಡೆದದ್ದೂ ಇರಬಹುದು. ಅಲ್ವಾ ಮೇಡಂ?” ಮೇಡಂ ಇಲ್ಲ ಎಂದರು, ಆದರೆ ಇಂಥ ಗುಂಡಿಯದ್ದು ಎಂದು ಕೈ ಇಟ್ಟು ಬರೆಯಲು ಅವರಿಂದ ಆಗಲಿಲ್ಲ. ಪುಸ್ತಕದಲ್ಲಿ ಬರೆದದ್ದು ಈ ಚೂರುಗಳೇ ಎಂದು ಯಾರು ಹೇಳುವವರು? ಮತ್ತೆ ಅಗೆದು ನೋಡೋಣ ಎಂದರೆ ಅನುಮತಿ ತರಬೇಕು, ತಿಂಗಳುಗಳ ಮಾತು. ಅದೂ ಅಲ್ಲದೆ ಒಂದು ಸಲ ತೆಗೆದದ್ದನ್ನು ಎರಡನೇ ಸಲ ತೆಗೆಯಲು ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಹೋಗುವಾಗ ರೈಟರ ಪುಸ್ತಕವನ್ನು ಮತ್ತೊಮ್ಮೆ ತಿರುವಿ ನೋಡಿ, “ನೀವು ನಮ್ಮಲ್ಲಿ ಇರಬೇಕಿತ್ತು,” ಎಂದರು. ನಾನು ಅಲ್ಲೇ ಇದ್ದೆ. ಬಾಯಿ ತೆರೆದು ‘ತೊಳೆದದ್ದು ನಾನು’ ಎನ್ನಲಿಲ್ಲ. ಊರಿನವರೆಲ್ಲರ ಸ್ವರ ಬರುತ್ತಿದ್ದ ಬಾಯಿಗೆ ನನ್ನದು ಬರಲಿಲ್ಲ.

ಶುಕ್ರವಾರ ಜೆಸಿಬಿ ಬಂತು. ಈಗ ಅಲ್ಲಿ ಇಂಟರ್‌ಲಾಕ್ ಇಟ್ಟಿಗೆ ಹಾಸಿದೆ, ಚಂದ ಉಂಟು, ಎಂಟು ಕಾರು ನಿಲ್ಲುತ್ತದೆ. ಎ ಗ್ರೇಡಿನ ಚೂರುಗಳು ಹೋಂಸ್ಟೇಯ ರಿಸೆಪ್ಶನ್ನಿನಲ್ಲಿ ಗಾಜಿನ ಬಟ್ಟಲಲ್ಲಿವೆ. ಬಿ ಮತ್ತು ಪುಡಿ ಎಲ್ಲಿ ಹೋಯಿತೋ...

ರೈಟರು ಆ ಮಳೆಗಾಲಕ್ಕೆ ಮುಂಚೆ ಕೆಲಸ ಬಿಟ್ಟರು. ಪುಸ್ತಕಗಳೆಲ್ಲ ಅಷ್ಟರಲ್ಲಿ ಕಂಪ್ಯೂಟರಿಗೆ ಏರಿದ್ದವು. ಹೋಗುವ ದಿನ ಒಂದು ಟ್ರಂಕು, ಒಂದು ಕೊಡೆ. ಜೀಪು ಹತ್ತುವಾಗ ನನ್ನ ಭುಜದ ಮೇಲೆ ಕೈ ಇಟ್ಟು, “ಬೆನ್ನು ನೆಟ್ಟಗೆ ಇಟ್ಕೊಂಡು ಕೂರು, ಇಲ್ದಿದ್ರೆ ಸೊಂಟ ಹಿಡೀತದೆ,” ಎಂದರು. ಅದೇ ಕೊನೆ. ಆಮೇಲೆ ಒಂದು ವರ್ಷ ಆ ಕೋಣೆಯಲ್ಲಿ ನಾನೊಬ್ಬನೇ ಕೂತೆ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಎದುರಿಗೆ ಖಾಲಿ ಮೇಜು. ಯಾರೂ ಇಲ್ಲದಾಗ ಒಂದು ಸಲ ಅವರ ಸ್ವರ ತೆಗೆದು ನೋಡಿದೆ. ಬಂತು, ತಪ್ಪಿಲ್ಲದೆ ಬಂತು. ಕೇಳಿ ನನಗೇ ಹೆದರಿಕೆಯಾಯಿತು. ಮತ್ತೆ ತೆಗೆಯಲಿಲ್ಲ. ಅವರಿಗೆ ಫೋನು ಮಾಡಬೇಕು, ಹೋಗಿ ಹೇಳಬೇಕು ಎಂದುಕೊಂಡೇ ಇದ್ದೆ. ಅವರು ಹೋದ ಸುದ್ದಿಯನ್ನು ಯಾರದೋ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ನೋಡಿದೆ, ಮಣ್ಣು ಮಾಡಿ ಎರಡು ದಿನವಾಗಿತ್ತು. ಆಗಲೂ ಹೋಗಲಿಲ್ಲ.

ಮೊನ್ನೆ ಟೀ ಅಂಗಡಿಯಿಂದ ಮನೆಗೆ ಬಂದವನು ಮಾರನೆಯ ಬೆಳಗ್ಗೆ ಎದ್ದು ನೆಲ್ಯಹುದಿಕೇರಿಯ ಬಸ್ಸು ಹತ್ತಿದೆ. ಮೂರು ವರ್ಷ ತಡವಾಗಿ. ಅಕ್ಕನ ಮನೆ ಹೊಳೆಯಿಂದ ಸ್ವಲ್ಪ ಮೇಲೆ. ಜಗಲಿಯಲ್ಲಿ ಕೂತು ಮೆಣಸು ಬಿಡಿಸುತ್ತಿದ್ದರು. ಎಪ್ಪತ್ತು ದಾಟಿದ ಜೀವ, ತಮ್ಮನದೇ ಮೂಗು. ಎಸ್ಟೇಟಿನಲ್ಲಿ ಜೊತೆಗಿದ್ದವನು ಎಂದೆ. “ಕಂಪ್ಯೂಟರಾ?” ಎಂದರು. ನೀರು ಕೊಟ್ಟರು. ನೀರು ಕುಡಿದು, ಯಾವ ಪೀಠಿಕೆಯೂ ಇಲ್ಲದೆ ಹೇಳಿಬಿಟ್ಟೆ: “ಅಮ್ಮ, ಆ ಚೂರುಗಳನ್ನ ತೊಳೆದು ಕಲಸಿದ್ದು ಅವರಲ್ಲ. ನಾನು.”

ಅವರು ಮೆಣಸು ಬಿಡಿಸುತ್ತಲೇ ಇದ್ದರು. ಆಮೇಲೆ ಎದ್ದು ಒಳಗೆ ಹೋಗಿ ತಮ್ಮನ ಆ ಚೂರಿನ ಲೆಕ್ಕದ ಪು‌ಸ್ತಕ ತಂದು ನನ್ನ ಮಡಿಲಲ್ಲಿ ಇಟ್ಟರು. ಅವರಿಗೆ ಓದಲು ಬರುತ್ತಿತ್ತು, ಆದರೆ ನಾನೇ ಓದಲಿ ಎಂದು ಮತ್ತೆ ಮೆಣಸಿನ ಮುಂದೆ ಕೂತರು. ಕೊನೆಯ ಪುಟ. ಬುಧವಾರದ ತಾರೀಕು. ಕೆಂಪು ಶಾಯಿ. ‘ಒಂಬತ್ತನೇ ಬ್ಲಾಕಿನ ಚೂರು ಎಲ್ಲ ತೊಳೆದು ಮಿಶ್ರವಾಗಿದೆ. ಇನ್ನು ಯಾವುದರ ಗುಂಡಿಯನ್ನೂ ಹೇಳಲು ಬರುವುದಿಲ್ಲ.’ ಪಕ್ಕದ ಅಂಕಣದ ತಲೆಯಲ್ಲಿ ‘ಯಾರಿಂದ’ ಎಂದಿತ್ತು. ಮೇಲಿನ ಸಾಲುಗಳಲ್ಲೆಲ್ಲ ಚೂರು ಕಂಡು ತಂದುಕೊಟ್ಟ ಆಳಿನ ಹೆಸರು, ಒಬ್ಬರದ್ದೂ ಬಿಡದೆ. ಈ ಸಾಲಿನಲ್ಲಿ ಮಾತ್ರ ಏನೂ ಬರೆದಿರಲಿಲ್ಲ. ಗೆರೆ ಕೂಡ ಎಳೆದಿರಲಿಲ್ಲ.

ಅಕ್ಷರ ಕಾಣದಾಗುವ ತನಕ ನೋಡಿದೆ. ಹೊಳೆಯ ಆಚೆ ಯಾರೋ ಯಾರನ್ನೋ ಕೂಗುತ್ತಿದ್ದರು. ಕಿಸೆಯಿಂದ ಪೆನ್ನು ತೆಗೆದು ಕೇಳಿದೆ, “ಅಮ್ಮ, ಈ ಖಾಲಿ ಜಾಗದಲ್ಲಿ ನನ್ನ ಹೆಸರು ಬರೀಲಾ? ಸತ್ಯ ಅದೇ ಅಲ್ವಾ?”

ಅವರು ಪುಸ್ತಕವನ್ನು ನನ್ನ ಮಡಿಲಿನಿಂದ ಎತ್ತಿಕೊಂಡು ಮುಚ್ಚಿದರು.

“ಬೇಡ ಮಾರಾಯ. ಇದು ಅವನ ಕೈಬರಹ. ನೀನು ಕಲಸಿದ್ದು ಒಂದು ಸಲ ಸಾಕು.”